ಬಂದಿಯ ಪಲಾಯನವೂ ಹಿಂದೆ ಉಳಿದವರ ಋಣವೂ

ದುರ್ಜನನ ಮನೆಯಲ್ಲಿ ಸೆರೆಸಿಕ್ಕ ಇಬ್ಬರು ಕತ್ತಲಲ್ಲಿ ತಪ್ಪಿಸಿಕೊಂಡು ಹೋಗಲು ಹವಣಿಸುವ ಕಥೆಯನ್ನು ಕೇಳುವಾಗ ಯಾರ ಮನಸ್ಸೂ ಕಾವಲುಗಾರನ ಪಕ್ಷವನ್ನು ವಹಿಸುವುದಿಲ್ಲ. ಬಾಗಿಲು ಸಪ್ಪಳವಿಲ್ಲದೆ ತೆರೆಯಲಿ, ನಾಯಿ ಬೊಗಳದಿರಲಿ, ಹೊಳೆಯ ದಡದಲ್ಲಿ ದೋಣಿ ಸಿಕ್ಕಲಿ ಎಂದೇ ಎಲ್ಲರೂ ಹಾರೈಸುವರು. ಈ ಹಾರೈಕೆಯು ಸಹಜವಾದುದು. ಆದರೆ ಸಹಜವಾದುದೆಲ್ಲವೂ ಧರ್ಮವೆನ್ನಲಾಗದು. ಓಡಿಹೋಗುವವನು ಸುಳ್ಳು ಹೇಳುವನು, ವೇಷ ಹಾಕುವನು, ಕಾವಲಿನವರ ಕಣ್ಣಿಗೆ ಮಣ್ಣೆರಚುವನು. ಅವನು ಹೋದ ಮೇಲೆ ಯಜಮಾನನ ಸಿಟ್ಟು ಮನೆಯಲ್ಲಿ ಉಳಿದವರ ಮೇಲೆ ತಿರುಗುವುದು. ಆದುದರಿಂದ ಎರಡು ಪ್ರಶ್ನೆಗಳು ಏಳುವುವು. ಸೆರೆಯಾಳು ಸೆರೆಯಿಟ್ಟವನಿಗೆ ಸತ್ಯದ ಋಣಿಯೇ? ಹಿಂದೆ ಉಳಿದವರಿಗೆ ಅವನ ಋಣವೆಷ್ಟು? ಲೋಕವು ಮೊದಲನೆಯದನ್ನೇ ಹೆಚ್ಚಾಗಿ ಚರ್ಚಿಸುತ್ತ ಬಂದಿದೆ. ವಿಚಾರಿಸಿ ನೋಡಿದರೆ ಎರಡನೆಯದೇ ಕಠಿಣವಾದುದು.

ಮೊದಲನೆಯ ಪ್ರಶ್ನೆಗೆ ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಉಪಾಖ್ಯಾನದಲ್ಲಿಯೇ ಸಮಾಧಾನವುಂಟು. ಸತ್ಯವನ್ನಲ್ಲದೆ ನುಡಿಯೆನೆಂದು ವ್ರತ ತೊಟ್ಟ ಆ ಬ್ರಾಹ್ಮಣನು, ಕಳ್ಳರಿಗೆ ಹೆದರಿ ಕಾಡು ಹೊಕ್ಕ ಜನರ ಜಾಡನ್ನು ಬೆನ್ನಟ್ಟಿ ಬಂದ ಕಳ್ಳರಿಗೇ ತೋರಿಸಿಕೊಟ್ಟನು. ಜನರು ಹತರಾದರು, ಸತ್ಯವಾದಿಯು ನರಕಕ್ಕೆ ಹೋದನು. ಮಾತು ನಡೆದಂತೆ ಇದ್ದ ಮಾತ್ರಕ್ಕೆ ಸತ್ಯವಾಗದು, ಪ್ರಾಣಿಗಳ ಹಿತವನ್ನು ಧರಿಸಿದುದೇ ಧರ್ಮ ಎಂಬುದು ಆ ಕಥೆಯ ತಾತ್ಪರ್ಯ. ಅನ್ಯಾಯದಿಂದ ಬಾಗಿಲಿಗೆ ಬೀಗವಿಕ್ಕಿದವನು ಒಳಗಿನವರಿಂದ ಸತ್ಯವನ್ನು ಕೇಳುವ ಹಕ್ಕನ್ನು ಬೀಗವಿಕ್ಕಿದ ಕ್ಷಣದಲ್ಲಿಯೇ ಕಳೆದುಕೊಳ್ಳುವನು.

ಇದಕ್ಕೆ ಪ್ರತಿಯಾಗಿ ಗ್ರೀಕರ ಸಾಕ್ರೆಟೀಸನನ್ನು ಹೆಸರಿಸುವವರುಂಟು. ಕ್ರಿಸ್ತಪೂರ್ವ 399ರಲ್ಲಿ ಮರಣದಂಡನೆಗೊಳಗಾದ ಆ ವೃದ್ಧನನ್ನು ಸೆರೆಮನೆಯಿಂದ ಪಾರುಮಾಡಲು ಮಿತ್ರನಾದ ಕ್ರೀಟೋ ಎಲ್ಲ ಏರ್ಪಾಡು ಮಾಡಿದ್ದರೂ ಆತನು ಒಪ್ಪಲಿಲ್ಲ. ಅಂಕೋಲೆಯ ಸೀಮೆಯವರು ಅಷ್ಟು ದೂರಕ್ಕೆ ಹೋಗಬೇಕಾದುದೂ ಇಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯದೆಯನ್ನು ಮುರಿದವರು, ಮುಂದೆ ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಕಳೆದುಕೊಂಡವರು, ತಾವಾಗಿಯೇ ಸೆರೆಮನೆಯ ದಾರಿ ಹಿಡಿದರು. ಗೋಡೆ ಹಾರುವುದು ಅವರ ವ್ರತಕ್ಕೆ ಭಂಗವಾಗುತ್ತಿತ್ತು. ಆದರೆ ಭೇದವು ಸ್ಪಷ್ಟವಾಗಿದೆ. ಸಾಕ್ರೆಟೀಸನು ಎಪ್ಪತ್ತು ವರುಷ ತನ್ನ ಪಟ್ಟಣದ ಕಟ್ಟಳೆಗಳನ್ನು ಒಪ್ಪಿ ಬಾಳಿದವನು. ಸತ್ಯಾಗ್ರಹಿಯು ಸೆರೆಯನ್ನೇ ತನ್ನ ಮಾತಾಗಿ ಆರಿಸಿಕೊಂಡವನು. ಇಬ್ಬರೂ ತಾವು ಕೊಟ್ಟ ಒಪ್ಪಿಗೆಗೆ ಕಟ್ಟುಬಿದ್ದವರು. ದುರ್ಜನನ ಮನೆಯ ಬಂದಿಯು ಯಾವ ಒಪ್ಪಿಗೆಯನ್ನೂ ಕೊಟ್ಟವನಲ್ಲ. ಆತನಿಗೆ ಇವರ ನಿಯಮವನ್ನು ಹಚ್ಚುವುದು ನ್ಯಾಯವಲ್ಲ.

ಇನ್ನು ಎರಡನೆಯ ಪ್ರಶ್ನೆ. ಅದನ್ನು ತೂಗಿ ನೋಡಲು ಈ ಕರಾವಳಿಗೆ ಪರಿಚಿತನಾದ ಒಬ್ಬ ಪುರುಷನ ಚರಿತ್ರೆಯೇ ತಕ್ಕುದು. 1665ರ ಫೆಬ್ರುವರಿಯಲ್ಲಿ ಶಿವಾಜಿಯು ಬಸರೂರನ್ನು ಸೂರೆಮಾಡಿ, ಗೋಕರ್ಣದಲ್ಲಿ ದೇವದರ್ಶನ ಮಾಡಿ, ಅಂಕೋಲೆಯ ಮಾರ್ಗವಾಗಿ ಕಾರವಾರಕ್ಕೆ ಹೋದನು. 1675ರಲ್ಲಿ ಅಂಕೋಲೆ, ಕಾರವಾರಗಳೆರಡೂ ಆತನ ವಶವಾದವು. ಆತನ ದಂಡು ಬಂದುಹೋದ ಊರುಗಳ ವ್ಯಾಪಾರಿಗಳು ಆತನನ್ನು ಹೊಗಳಲು ಕಾರಣಗಳು ಕಡಿಮೆ. ಆತನ ಸಮಗ್ರ ಚರಿತ್ರೆಯ ಗುಣದೋಷ ವಿಮರ್ಶೆಯು ಇಲ್ಲಿಯ ವಿಷಯವಲ್ಲ. ಈ ಎರಡು ಬರವುಗಳ ನಡುವೆ, 1666ರಲ್ಲಿ, ಆತನೂ ಒಂಬತ್ತು ವರುಷದ ಮಗ ಸಂಭಾಜಿಯೂ ಆಗ್ರೆಯಲ್ಲಿ ಬಂದಿಗಳಾದರು. ಆ ಪ್ರಸಂಗವೊಂದನ್ನೇ ಇಲ್ಲಿ ಎತ್ತಿಕೊಂಡಿದೆ.

ಪುರಂದರದ ಒಪ್ಪಂದದ ತರುವಾಯ ರಾಜಾ ಜಯಸಿಂಹನ ಅಭಯದ ಮಾತನ್ನು ನಂಬಿ ಶಿವಾಜಿಯು ಔರಂಗಜೇಬನ ದರಬಾರಿಗೆ ಹೋದನು. ಮೇ 12ರಂದು ತುಂಬಿದ ಸಭೆಯಲ್ಲಿ ತನಗೆ ತಕ್ಕ ಸ್ಥಾನ ದೊರೆಯಲಿಲ್ಲವೆಂದು ಕೆರಳಿದನು. ಮುಂದೆ ಆತನ ಬಿಡಾರದ ಸುತ್ತಲೂ ಕೋತವಾಲ ಫೌಲಾದಖಾನನ ಕಾವಲು ಬಿದ್ದಿತು. ಜಯಸಿಂಹನ ಮಗನಾದ ರಾಮಸಿಂಹನು, ಈತನು ಓಡಿಹೋಗನೆಂದು ಬಾದಶಹನಿಗೆ ಜಾಮೀನು ಬರೆದುಕೊಟ್ಟಿದ್ದನು. ಶಿವಾಜಿಯು ಕಾಯಿಲೆಯ ನೆವ ಹೂಡಿದುದು, ಬ್ರಾಹ್ಮಣರಿಗೂ ಫಕೀರರಿಗೂ ಮಿಠಾಯಿಯ ಬುಟ್ಟಿಗಳನ್ನು ಕಳಿಸತೊಡಗಿದುದು, ಕಾವಲಿನವರು ಬುಟ್ಟಿಗಳನ್ನು ತೆರೆದು ನೋಡಿ ನೋಡಿ ಬೇಸತ್ತುದು, ಆಗಸ್ಟ್ 17ರಂದು ತಂದೆಮಕ್ಕಳು ಆ ಬುಟ್ಟಿಗಳಲ್ಲಿಯೇ ಹೊರಬಿದ್ದುದು ಪ್ರಸಿದ್ಧವಾದ ವೃತ್ತಾಂತ. ಬುಟ್ಟಿಯ ಮಾತನ್ನು ಸಂಶಯಿಸುವ ಇತಿಹಾಸಕಾರರೂ ಇರುವರು. ತಪ್ಪಿಸಿಕೊಂಡುದರಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ.

ಶಾಲೆಯ ಪುಸ್ತಕಗಳಲ್ಲಿ ಕಥೆಯು ಬುಟ್ಟಿಗೇ ಮುಗಿಯುವುದು. ಆದರೆ ಧರ್ಮದ ಪರೀಕ್ಷೆಯು ಬುಟ್ಟಿಯಲ್ಲಿಲ್ಲ. ಬಿಡಾರದಲ್ಲಿ ಉಳಿದ ಮಂಚದಲ್ಲಿದೆ. ಆ ಮಂಚದ ಮೇಲೆ ಶಿವಾಜಿಯ ಹೊದಿಕೆ ಹೊದ್ದು, ಆತನ ಕಡಗ ತೊಟ್ಟ ಕೈಯನ್ನು ಹೊರಚಾಚಿ, ಹಿರೋಜಿ ಫರ್ಜಂದನು ಮಲಗಿದ್ದನೆಂದು ಹೇಳುವರು. ಗುಟ್ಟು ಬಯಲಾದರೆ ಮೊದಲು ಹೋಗುವುದು ಆತನ ತಲೆ. ಆದರೂ ಆತನು ಅರಿತು ಮಲಗಿದವನು, ಒಪ್ಪಿ ಮಲಗಿದವನು. ತಾನೂ ಉಪಾಯದಿಂದ ಹೊರಬಿದ್ದನು. ಇದಕ್ಕೂ ಮೊದಲೇ ಶಿವಾಜಿಯು ಬಾದಶಹನ ಅಪ್ಪಣೆ ಬೇಡಿ ತನ್ನ ಪರಿವಾರದ ಬಹುಮಂದಿಯನ್ನು ದಕ್ಷಿಣಕ್ಕೆ ಕಳಿಸಿದ್ದನು. ಜಾಮೀನಿನ ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ರಾಮಸಿಂಹನಿಗೆ ಹೇಳಿದನೆಂಬುದು ಅಂದಿನ ರಜಪೂತರ ಪತ್ರಗಳಿಂದ ತಿಳಿಯುವುದು. ಹಿಂದೆ ಉಳಿಯುವವರ ವಿಚಾರವು ಆತನ ಮನಸ್ಸಿನಲ್ಲಿ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಋಣವು ಪೂರ್ತಿ ತೀರಿತೇ? ತೀರಲಿಲ್ಲ. ರಾಮಸಿಂಹನು ಬಾದಶಹನ ಅವಕೃಪೆಗೆ ಗುರಿಯಾಗಿ ದರಬಾರಿಗೆ ಬರಕೂಡದೆಂದಾಯಿತು. ಕೊಟ್ಟ ಅಭಯವು ಹುಸಿಯಾದ ಕೊರಗನ್ನು ಹೊತ್ತ ಜಯಸಿಂಹನು ಮರುವರುಷವೇ ಬುರ್ಹಾನಪುರದಲ್ಲಿ ತೀರಿಕೊಂಡನು. ಶಿವಾಜಿಯ ಕಡೆಯ ರಘುನಾಥ ಬಲ್ಲಾಳ, ತ್ರ್ಯಂಬಕ ಸೋನದೇವ ಎಂಬಿಬ್ಬರು ಸಿಕ್ಕಿಬಿದ್ದು ಹಿಂಸೆಯನ್ನು ಅನುಭವಿಸಿದರು. ಅನ್ಯಾಯದ ಮೂಲವು ಸೆರೆಯಿಟ್ಟವನಲ್ಲಿಯೇ ಇದೆಯೆಂಬುದು ನಿಜ. ಆದರೂ ಓಡಿಹೋದವನು ‘ಅದು ಅವನ ಪಾಪ, ನನಗೇನು?’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಪಾಪವು ಒಬ್ಬನದಾಗಿದ್ದರೂ ಋಣವು ಇನ್ನೊಬ್ಬನದಾಗಬಹುದು.

ಈ ಮಾತಿನ ತೀಕ್ಷ್ಣತೆಯು ಜತುಗೃಹದ ಕಥೆಯಲ್ಲಿ ಕಾಣುವುದು. ವಾರಣಾವತದ ಅರಗಿನ ಮನೆಯಿಂದ ಪಾಂಡವರು ಪಾರಾದುದನ್ನು ಹಾಡಿ ಕೊಂಡಾಡದವರಿಲ್ಲ. ವಿದುರನ ಜಾಣ್ಮೆ, ಖನಕನು ತೋಡಿದ ಸುರಂಗ, ಗಂಗೆಯಲ್ಲಿ ಕಾದಿದ್ದ ದೋಣಿ ಎಲ್ಲವೂ ಜನರ ಬಾಯಲ್ಲಿವೆ. ಆದರೆ ಆ ರಾತ್ರಿ ಊಟವನ್ನರಸಿ ಬಂದ ಒಬ್ಬ ನಿಷಾದ ಸ್ತ್ರೀಯೂ ಅವಳ ಐವರು ಮಕ್ಕಳೂ ಅದೇ ಮನೆಯಲ್ಲಿ ಮೈಮರೆತು ಮಲಗಿದ್ದರು. ಬೆಳಗಾದ ಮೇಲೆ ಅವರ ಸುಟ್ಟ ಶವಗಳನ್ನೇ ಕುಂತಿಯೂ ಪಾಂಡವರೂ ಎಂದು ಊರಿನವರು ತಿಳಿದು ಅತ್ತರು. ಹಿರೋಜಿಯೂ ಇನ್ನೊಬ್ಬನ ಸ್ಥಾನದಲ್ಲಿ ಮಲಗಿದನು, ಆ ತಾಯಿಯೂ ಮಲಗಿದಳು. ಒಬ್ಬನು ತಿಳಿದು ಮಲಗಿದನು. ಇನ್ನೊಬ್ಬಳಿಗೆ ಯಾರೂ ತಿಳಿಸಲಿಲ್ಲ. ಧರ್ಮಾಧರ್ಮಗಳ ಗಡಿಯು ಇಲ್ಲಿಯೇ ಇರುವುದು. ಒಪ್ಪಿಗೆಯಿಂದ ಕೊಟ್ಟ ಪ್ರಾಣವು ತ್ಯಾಗವಾಗುವುದು. ಒಪ್ಪಿಗೆಯಿಲ್ಲದೆ ತೆಗೆದುಕೊಂಡುದು, ತೆಗೆದುಕೊಂಡವನು ಧರ್ಮರಾಯನೇ ಆಗಿದ್ದರೂ, ತ್ಯಾಗವಾಗಲಾರದು. ಗಂಗೆಯನ್ನು ದಾಟಿದ ಪಾಂಡವರಿಗೆ ಆ ಆರು ಮಂದಿಯ ಋಣವು ಉಳಿದೇ ಇದೆ.

ಇಬ್ಬರು ಬಂದಿಗಳು ಜೊತೆಯಾಗಿ ಓಡುವಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇಬ್ಬರ ಕಾಲಿಗೂ ಒಂದೇ ಬಲವಿರುವುದಿಲ್ಲ. ಶಿವಾಜಿಯು ಮಗನನ್ನು ಮಥುರೆಯವರೆಗೆ ಕರೆದುಕೊಂಡು ಹೋಗಿ, ಮೋರೋಪಂತನ ನೆಂಟರ ಮನೆಯಲ್ಲಿ ಬಿಟ್ಟು, ತಾನು ಮುಂದೆ ನಡೆದನು. ಇದನ್ನು ಕೈಬಿಟ್ಟುದೆಂದು ಹೇಳಬೇಕೇ? ಹೇಳಬೇಕಾಗಿಲ್ಲ. ಮಗನ ಕಾಲು ನಿಧಾನವೆಂದು ಕಾವಲಿನ ಮನೆಯಲ್ಲಿಯೇ ಬಿಟ್ಟುಹೋಗಿದ್ದರೆ ಅದು ತ್ಯಜಿಸುವಿಕೆ. ಹೊರಗೆ ತಂದು, ನೆಚ್ಚಿನವರ ಕೈಗೊಪ್ಪಿಸಿ, ಮುಂದೆ ಕರೆಸಿಕೊಂಡುದು ರಕ್ಷಣೆ. ಬಲವುಳ್ಳವನು ಬಲಹೀನನನ್ನು ಎಲ್ಲಿ ಬಿಟ್ಟನು, ಮರಳಿ ವಿಚಾರಿಸಿದನೇ ಎಂಬುದರಿಂದಲೇ ಇದರ ನಿರ್ಣಯವಾಗತಕ್ಕುದು.

ಇವೆಲ್ಲ ರಾಜರ ಕಥೆಗಳು, ಸಾಮಾನ್ಯರಿಗೇನು ಎಂದು ವಾಚಕರು ಕೇಳಬಾರದು. ಮುಂಗಡದ ಹಣವನ್ನು ಕೊಟ್ಟು ಗಂಡಹೆಂಡಿರನ್ನು ಇಟ್ಟಿಗೆಯ ಭಟ್ಟಿಯಲ್ಲಿಯೋ ತೋಟದ ಮನೆಯಲ್ಲಿಯೋ ಕೂಡಿಹಾಕಿ ದುಡಿಸುವ ದುಷ್ಟರು ಇಂದಿಗೂ ಇರುವರು. 1976ರ ಕಾಯದೆಯು ಜೀತವನ್ನು ನಿಷೇಧಿಸಿ, ಜೀತದ ಸಾಲವು ಸಾಲವೇ ಅಲ್ಲವೆಂದು ಸಾರಿತು. ಆದರೂ ಅಂಥ ದಂಪತಿಗಳು ರಾತ್ರಿ ಓಡಿಬಂದರೆ, ‘ಸಾಲ ಮುಳುಗಿಸಿ ಓಡಿದರು’ ಎಂಬ ಮಾತೇ ಮೊದಲು ಹಬ್ಬುವುದು. ಓಡಲಾರದ ಮುದಿ ತಾಯಿಯು ಅಲ್ಲಿಯೇ ಉಳಿದಿದ್ದರೆ ಅವರ ಎದೆಯಲ್ಲಿ ಏಳುವ ಪ್ರಶ್ನೆಯು ಆಗ್ರೆಯ ಪ್ರಶ್ನೆಗಿಂತ ಕಿರಿದಾದುದಲ್ಲ. ಅವರಲ್ಲಿ ರಾಮಸಿಂಹನ ಜಾಮೀನಿಲ್ಲ, ಮಿಠಾಯಿಯ ಬುಟ್ಟಿಯಿಲ್ಲ, ಮಥುರೆಯಲ್ಲಿ ನೆಂಟರಿಲ್ಲ. ತಾಯಿಯನ್ನು ಬಿಡಿಸಿ ತರುವ ಋಣವನ್ನು ಅವರಿಬ್ಬರೇ ತೀರಿಸುವುದು ಶಕ್ಯವೂ ಅಲ್ಲ.

ಇಲ್ಲಿಯೇ ಹೊರಗಿನವರ ಧರ್ಮವು ಆರಂಭವಾಗುವುದು. ಮಥುರೆಯ ಮನೆಯವರು ಬಾಗಿಲು ಹಾಕಿಕೊಂಡಿದ್ದರೆ ಆಗ್ರೆಯ ಜಾಣ್ಮೆಯೆಲ್ಲವೂ ವ್ಯರ್ಥವಾಗುತ್ತಿತ್ತು. ಗಂಗೆಯ ಅಂಬಿಗನು ಹೆದರಿದ್ದರೆ ಸುರಂಗವು ನಿಷ್ಫಲವಾಗುತ್ತಿತ್ತು. ಅಪರಾತ್ರಿಯಲ್ಲಿ ಇಬ್ಬರು ಅಪರಿಚಿತರು ಏದುಸಿರು ಬಿಡುತ್ತ ಕೇಣಿಯ ದಂಡೆಗೆ ಬಂದು ದಾಟಿಸೆಂದು ಬೇಡಿದರೆ, ದೋಣಿಯವನು ಅವರ ಸಾಲದ ಲೆಕ್ಕವನ್ನು ಕೇಳಬೇಕಾದುದಿಲ್ಲ. ಮೊದಲು ದೋಣಿಯನ್ನು ನೀರಿಗಿಳಿಸಬೇಕು. ಆಮೇಲೆ, ಹಿಂದೆ ಯಾರು ಉಳಿದಿರುವರೆಂದು ಕೇಳಬೇಕು. ಬೆಳಗಾಗುತ್ತಲೇ ಊರ ಹಿರಿಯರನ್ನೂ ಸರಕಾರದವರನ್ನೂ ಕೂಡಿಸಿಕೊಂಡು ಆ ಬಾಗಿಲಿಗೆ ಹೋಗಬೇಕು. ಓಡಿಬಂದವರ ಋಣದಲ್ಲಿ ಒಂದು ಪಾಲು, ಅವರಿಗೆ ಆಶ್ರಯ ಕೊಟ್ಟ ಊರಿನದೂ ಆಗುವುದು.