ಬಿಡುವಿಲ್ಲದ ಬಾಳಿಗೆ ಲಕ್ಕಮ್ಮನ ಅಳತೆ



ಗೃಹಸ್ಥಾಶ್ರಮವು ಶರಣಧರ್ಮಕ್ಕೆ ಹೊರತಾದುದಲ್ಲ. ಮಡದಿ ಮಕ್ಕಳನ್ನು ತೊರೆದು ಗವಿಯನ್ನು ಹೊಕ್ಕವನಿಗೆ ಮಾತ್ರವೇ ಶಿವನು ಒಲಿಯುವನೆಂದು ಹನ್ನೆರಡನೆಯ ಶತಮಾನದ ಶರಣರು ಬೋಧಿಸಲಿಲ್ಲ. ಕಲ್ಯಾಣದಲ್ಲಿ ನೆರೆದವರೊಳಗೆ ಹಗ್ಗ ಹೊಸೆಯುವವರಿದ್ದರು, ಬಟ್ಟೆಯನ್ನು ಮಡಿಮಾಡುವವರಿದ್ದರು, ದೋಣಿಯನ್ನು ನಡೆಸುವವರಿದ್ದರು. ಅರಸನ ಭಂಡಾರದ ಹೊಣೆಯನ್ನು ಹೊತ್ತ ಬಸವಣ್ಣನವರೂ ಇದ್ದರು. ಆದುದರಿಂದ, ‘ಕೆಲಸ ಹೆಚ್ಚಾಯಿತು, ಧರ್ಮಕ್ಕೆ ಬಿಡುವಿಲ್ಲ’ ಎಂಬ ನುಡಿಯು ಅವರ ಮುಂದೆ ನಿಲ್ಲಲಾರದು.

ಆದರೂ ಇಂದು ಮನೆಮನೆಯಲ್ಲಿ ಕೇಳಿಬರುವುದು ಆ ನುಡಿಯೇ. ಅಂಗಡಿಯವನಿಗೆ ಮಧ್ಯಾಹ್ನದ ಊಟವು ಸಂಜೆಗೆ. ಕಚೇರಿಯವನಿಗೆ ಮನೆಗೆ ಬಂದ ಮೇಲೆಯೂ ಮೊಬೈಲಿನಲ್ಲಿ ಕಚೇರಿಯೇ. ಗೃಹಿಣಿಯು ಎಲ್ಲರಿಗೂ ಬಡಿಸಿ, ಆರಿದ ಅನ್ನವನ್ನು ಎಲ್ಲರಿಗಿಂತ ಕೊನೆಗೆ ಉಣ್ಣುವಳು. ಲಿಂಗಪೂಜೆಯು ನಾಲ್ಕು ಹನಿ ನೀರಿಗೆ ಇಳಿದಿದೆ. ಇಂತಹ ಬಾಳಿಗೆ ಮದ್ದಾವುದು? ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ದಂಪತಿಗಳ ಕಥೆಯನ್ನು ಒಮ್ಮೆ ಮನಸ್ಸಿಟ್ಟು ನೋಡೋಣ.

ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಆ ಅಕ್ಕಿಯಿಂದಲೇ ಜಂಗಮದಾಸೋಹ, ಅದರ ಪ್ರಸಾದದಿಂದಲೇ ಜೀವನ. ಒಂದು ದಿನ ಅವನು ಅನುಭಾವದ ಗೋಷ್ಠಿಯಲ್ಲಿ ಮೈಮರೆತನು. ಕೇಳುತ್ತಿದ್ದುದು ಶಿವಾನುಭವವೇ, ಆದರೂ ಸತಿಯಾದ ಲಕ್ಕಮ್ಮನು ಕಾಯಕವು ನಿಂತುದನ್ನು ನೆನಪಿಸಿ ಅವನನ್ನು ಎಬ್ಬಿಸಿದಳು. ಮಾರಯ್ಯನು ಧಾವಿಸಿ ಹೋದನು. ತಡವಾದುದನ್ನು ತುಂಬಿಕೊಡುವವನಂತೆ ಎಂದಿಗಿಂತಲೂ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಇದು ನಮ್ಮ ದಿನದ ಅಳತೆಯಲ್ಲ, ಮಿಕ್ಕುದನ್ನು ತಂದ ಎಡೆಯಲ್ಲಿಯೇ ಸುರಿದು ಬಾರೆಂದು ಪತಿಯನ್ನು ಹಿಂದಕ್ಕೆ ಕಳುಹಿದಳು.

ಈ ಕಥೆಯನ್ನು ನಾವು ಬಹುವಾಗಿ ಅಪರಿಗ್ರಹಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಮರ್ಮವಿದೆ. ‘ಏಳು, ಕಾಯಕಕ್ಕೆ ನಡೆ’ ಎಂದು ಎಚ್ಚರಿಸಿದ ಬಾಯಿಯೇ ‘ಸಾಕು, ಹೆಚ್ಚನ್ನು ಬಿಡು’ ಎಂದೂ ಎಚ್ಚರಿಸಿತು. ಕೊರತೆಯೂ ತಪ್ಪು, ಅತಿಯೂ ತಪ್ಪು. ಸೋಮಾರಿಯನ್ನು ನಿಂದಿಸಲು ಲೋಕವೇ ಇದೆ. ಅತಿಯಾಗಿ ದುಡಿಯುವವನನ್ನು ಲೋಕವು ಹೊಗಳುತ್ತದೆ. ಆ ಹೊಗಳಿಕೆಯ ನಡುವೆ ‘ಸಾಕು’ ಎನ್ನುವ ಒಂದು ಧ್ವನಿಯು ಮನೆಯಲ್ಲಿರಬೇಕು.

ಈ ಅಳತೆಯನ್ನು ತನು, ಮನ, ಧನಗಳೆಂಬ ಮೂರಕ್ಕೂ ಅನ್ವಯಿಸಿ ನೋಡಿರಿ. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಅರ್ಪಿಸಬೇಕೆಂಬುದು ನಮ್ಮ ಸಂಪ್ರದಾಯ. ಅರ್ಪಿಸಿದ ವಸ್ತುವು ನಮ್ಮದಲ್ಲ. ನಾವು ಅದರ ಪಾಲಕರು ಮಾತ್ರ. ಪರರ ಒಡವೆಯನ್ನು ಕಾಯುವವನು ಮನಬಂದಂತೆ ಸವೆಸಬಹುದೇ?

ತನುವು ಇಷ್ಟಲಿಂಗಕ್ಕೆ ನೆಲೆ. ಗುಡಿಯ ಗೋಡೆ ಬಿರಿದರೆ ಓಡಿಹೋಗಿ ಗಾರೆ ಹಚ್ಚುವ ನಾವು, ಲಿಂಗವನ್ನು ಧರಿಸಿದ ಒಡಲು ಬಿರಿಯುವುದನ್ನು ಕಾಣದೆ ಇರುವುದು ಯಾವ ಭಕ್ತಿ? ಪ್ರಸಾದದ ನೇಮದಲ್ಲಿಯೇ ಆರೋಗ್ಯದ ಪಾಠವಿದೆ. ಲಿಂಗಕ್ಕೆ ಅರ್ಪಿಸಿ ಉಣ್ಣುವವನು ಅವಸರದಲ್ಲಿ ನಿಂತು ನುಂಗಲಾರನು. ಪ್ರಸಾದವನ್ನು ಚೆಲ್ಲಬಾರದೆಂಬವನು ಹಸಿವಿಗಿಂತ ಹೆಚ್ಚು ಬಡಿಸಿಕೊಳ್ಳಲಾರನು. ಮಧುಮೇಹ, ರಕ್ತದೊತ್ತಡಗಳು ಬಹುಕಾಲ ಸದ್ದಿಲ್ಲದೆ ಒಳಗೆ ಬೆಳೆಯುವ ವ್ಯಾಧಿಗಳು. ನೋವಿಲ್ಲವೆಂದು ಸುಮ್ಮನಿರದೆ ಕಾಲಕಾಲಕ್ಕೆ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳುವುದು, ದಿನವೂ ನಡೆಯುವುದು, ಹೊತ್ತಿಗೆ ಮಲಗುವುದು ಇವೂ ಸದಾಚಾರವೇ. ಒಡಲು ಕುಸಿದ ದಿನ ಅದರ ಭಾರವು ಬೀಳುವುದು ಮಡದಿ ಮಕ್ಕಳ ಹೆಗಲಿನ ಮೇಲೆ ಎಂಬುದನ್ನು ಮರೆಯಲಾಗದು.

ಧನವೆಂದರೆ ಹಣವೊಂದೇ ಅಲ್ಲ, ಹೊತ್ತೂ ಧನವೇ. ಹಣದ ಲೆಕ್ಕವನ್ನು ಕಾಸುಕಾಸಿಗೆ ಬರೆದಿಡುವವನು ದಿನದ ಲೆಕ್ಕವನ್ನು ಬರೆಯುವುದಿಲ್ಲ. ಲಕ್ಕಮ್ಮನು ಅಕ್ಕಿಯನ್ನು ಕಂಡಾಕ್ಷಣ ಹೆಚ್ಚೆಂದು ಅರಿತುದು ಹೇಗೆ? ತನ್ನ ಮನೆಗೆ ಎಷ್ಟು ಬೇಕೆಂಬುದು ಅವಳಿಗೆ ಮೊದಲೇ ತಿಳಿದಿತ್ತು. ನಮಗೆ ಅದೇ ತಿಳಿಯದು. ಬೆಳಗಿನಲ್ಲಿ ಪೂಜೆ ಮುಗಿದೊಡನೆ ಇಂದು ಮಾಡಲೇಬೇಕಾದುದು ಯಾವುದು, ನಾಳೆಗೆ ಸಲ್ಲುವುದು ಯಾವುದು, ನನ್ನದಲ್ಲದ ಕೆಲಸ ಯಾವುದು ಎಂದು ಮೂರು ಪಾಲು ಮಾಡಿದರೆ, ಅರ್ಧ ಅವಸರವು ಅಲ್ಲಿಯೇ ಅಡಗುವುದು.

ಮನದ ಬೆಳವಣಿಗೆಯೂ ಹೀಗೆಯೇ. ಅದು ಬಿಡುವು ದೊರೆತಾಗ ಒಮ್ಮೆಲೇ ಆಗುವ ಕಾರ್ಯವಲ್ಲ, ದಿನದಿನದ ಆಯ್ದಕ್ಕಿ. ಫ.ಗು. ಹಳಕಟ್ಟಿಯವರನ್ನು (1880-1964) ನೆನೆಯಿರಿ. ಅಂದಿನ ಬಿಜಾಪುರದಲ್ಲಿ ಅವರು ವಕೀಲರು. 1910ರಲ್ಲಿ ಅಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದವರು. ಸಾರ್ವಜನಿಕ ಕಾರ್ಯಗಳು ಇನ್ನೂ ಹಲವು. ಇವುಗಳ ನಡುವೆಯೇ ತಾಳೆಯೋಲೆಗಳನ್ನು ಅರಸಿ, ಓದಿ, ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಬಿಡುವಾದ ಮೇಲೆ ನೋಡೋಣವೆಂದು ಅವರು ಕುಳಿತಿದ್ದರೆ ಎಷ್ಟು ವಚನಗಳು ಗೆದ್ದಲಿಗೆ ಆಹಾರವಾಗುತ್ತಿದ್ದವೋ! ನಾವು ದಿನಕ್ಕೊಂದು ವಚನವನ್ನಾದರೂ ಅರ್ಥವರಿತು ಓದಲಾರೆವೇ?

ಇಲ್ಲಿ ಒಂದು ಆಕ್ಷೇಪವು ಬರುವುದುಂಟು. ‘ನುಲಿಯ ಚಂದಯ್ಯನು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಎತ್ತಿಕೊಳ್ಳದೆ ಕಾಯಕಕ್ಕೆ ನಡೆದನಲ್ಲವೇ? ಕೆಲಸಕ್ಕಾಗಿ ನಾವು ಪೂಜೆಯನ್ನು ಬಿಟ್ಟರೆ ದೋಷವೇನು?’ ಎಂದು ಕೆಲವರು ಕೇಳುತ್ತಾರೆ. ಚಂದಯ್ಯನು ಹುಲ್ಲನ್ನು ಹೊಸೆದು ಮಾಡಿದ ಹಗ್ಗವು ಜಂಗಮದಾಸೋಹಕ್ಕೆ ಸಲ್ಲುತ್ತಿತ್ತು. ನಮ್ಮ ಓಟವು ಯಾರ ದಾಸೋಹಕ್ಕಾಗಿ? ತನಗಾಗಿ, ತನ್ನ ಹಿರಿಮೆಗಾಗಿ ಓಡುವವನು ಚಂದಯ್ಯನ ಹೆಸರನ್ನು ನೆಪಕ್ಕೆ ತೆಗೆದುಕೊಳ್ಳಬಾರದು. ದಾಸೋಹವುಳ್ಳ ದುಡಿಮೆ ಕಾಯಕ. ಅದಿಲ್ಲದ ದುಡಿಮೆ ಬರಿಯ ದಣಿವು.

ಬಂಧುಗಳೇ, ಕೊನೆಯದಾಗಿ ಒಂದು ಮಾತು. ಮಾರಯ್ಯನು ಶರಣ, ಅನುಭಾವಿ. ಆದರೂ ತನ್ನ ಅತಿಯು ತನಗೆ ಕಾಣಲಿಲ್ಲ. ತನ್ನ ಬೆನ್ನು ತನಗೆ ಕಾಣದು. ಅವನ ಹಿರಿಮೆಯು ಇದ್ದುದು ಸತಿಯ ಮಾತನ್ನು ಕೇಳಿ ಹಿಂದಿರುಗಿ ನಡೆದುದರಲ್ಲಿ. ಇಂದು ರಾತ್ರಿ ಪ್ರಸಾದದ ಹೊತ್ತಿಗೆ ಮನೆಯವರನ್ನು ಕೂರಿಸಿಕೊಂಡು, ‘ನನ್ನ ಬಾಳಿನಲ್ಲಿ ಯಾವುದು ಹೆಚ್ಚಾಗಿದೆ, ಯಾವುದು ಕಡಿಮೆಯಾಗಿದೆ?’ ಎಂದು ಕೇಳಿರಿ. ಮಡದಿಯು ಹೇಳಿದರೆ ಸಿಡುಕಬೇಡಿರಿ. ಅವಳ ದಣಿವನ್ನೂ ಕೇಳಿ ತಿಳಿಯಿರಿ. ಹೆಚ್ಚಾದುದನ್ನು ಸುರಿದು ಬರುವ ಧೈರ್ಯವು ನಮ್ಮೆಲ್ಲರಿಗೂ ಉಂಟಾಗಲಿ.