ಗಣಿತವು ಜಗತ್ತನ್ನು ಆಳುವುದೇ?

ಮರದಿಂದ ಕಳಚಿದ ತೆಂಗಿನಕಾಯಿ ಎಷ್ಟು ಕ್ಷಣಗಳಲ್ಲಿ ನೆಲ ಮುಟ್ಟುವುದೆಂದು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಹಾಗಾದರೆ ಆ ಲೆಕ್ಕವೇ ಕಾಯನ್ನು ಬೀಳಿಸಿತೇ? ಅಥವಾ ತನ್ನ ಪಾಡಿಗೆ ತಾನು ಬಿದ್ದುದನ್ನು ಲೆಕ್ಕವು ಬಣ್ಣಿಸಿತೇ? ವಿಜ್ಞಾನಿಗಳನ್ನೂ ತತ್ತ್ವಜ್ಞರನ್ನೂ ಬಹುಕಾಲದಿಂದ ಕಾಡಿದ ಪ್ರಶ್ನೆಯಿದು.

ಜೈನಾಚಾರ್ಯರು ಗಣಿತಕ್ಕೆ ಕೊಟ್ಟ ಸ್ಥಾನ ಅಸಾಧಾರಣವಾದುದು. ಮೂಡುಬಿದಿರೆಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಸಂಖ್ಯಾತ, ಅಸಂಖ್ಯಾತ, ಅನಂತಗಳನ್ನು ವಿವೇಚಿಸಿದ್ದಾರೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೆಂಬ ‘ಅರ್ಧಚ್ಛೇದ’ದ ವಿಚಾರವೂ ಅಲ್ಲಿದೆ, 32ರ ಅರ್ಧಚ್ಛೇದ 5. ಅದೇ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ, ಲೋಕದ ಯಾವ ವಸ್ತುವೂ ಗಣಿತಕ್ಕೆ ಹೊರತಲ್ಲವೆಂದು ಸಾರಿದರು. ಇದನ್ನು ಓದಿದವರಿಗೆ ಗಣಿತವೇ ಜಗದೊಡೆಯನೆಂದು ತೋರುವುದು ಸಹಜ.

ಆದರೆ ಅದೇ ಗ್ರಂಥದಲ್ಲಿ ಆಚಾರ್ಯರು ಇನ್ನೊಂದು ಮಾತನ್ನೂ ಹೇಳಿದ್ದಾರೆ: ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ. ಇಲ್ಲಿ ಅವರು ಲೆಕ್ಕದ ಸೂತ್ರವನ್ನು ಸ್ವಭಾವದ ಮುಂದೆ ನಿಲ್ಲಿಸಿದರು. ಮುಂದೆ ಗಣಿತಜ್ಞರು ಅಂಥ ಮೂಲವನ್ನು ಕಲ್ಪಿಸಿದರು. 1926ರಲ್ಲಿ ಶ್ರೋಡಿಂಗರ್ ಪರಮಾಣುಲೋಕಕ್ಕೆ ಬರೆದ ಸಮೀಕರಣದಲ್ಲಿ ಅದಕ್ಕೆ ಸ್ಥಾನವೂ ದೊರೆಯಿತು. ಪರಮಾಣುವಿನ ಸ್ವಭಾವ ಬದಲಾಗಲಿಲ್ಲ. ಅದನ್ನು ಹೇಳುವ ಭಾಷೆ ಬೆಳೆಯಿತು.

ಕೇವಲ ಭಾಷೆಯಾದರೆ, ಕಾಣದುದನ್ನು ಅದು ಮುಂದಾಗಿ ಹೇಳುವುದು ಹೇಗೆ? ಫ್ರಾನ್ಸಿನ ಲವೆರ್ಯೇ ಯುರೇನಸ್ಸಿನ ಚಲನೆಯಲ್ಲಿ ಕಂಡ ವ್ಯತ್ಯಾಸದಿಂದ ಮತ್ತೊಂದು ಗ್ರಹದ ಸ್ಥಾನವನ್ನು ಗಣಿಸಿದನು. 1846ರಲ್ಲಿ ಬರ್ಲಿನ್ನಿನ ವೀಕ್ಷಕರಿಗೆ ನೆಪ್ಚೂನ್ ಹೆಚ್ಚುಕಡಿಮೆ ಅಲ್ಲಿಯೇ ಕಂಡಿತು. ಅದೇ ಪಂಡಿತನು 1859ರಲ್ಲಿ ಬುಧನ ಚಲನೆಯ ವ್ಯತ್ಯಾಸಕ್ಕೂ ಅದೇ ವಿಧಾನವನ್ನು ಅನ್ವಯಿಸಿ, ಸೂರ್ಯನ ಸಮೀಪದಲ್ಲಿ ಕಾಣದ ಗ್ರಹವಿರಬೇಕೆಂದನು. ಅದು ದೊರೆಯಲಿಲ್ಲ. 1915ರಲ್ಲಿ ಐನ್‌ಸ್ಟೈನರ ಹೊಸ ಗುರುತ್ವಸಿದ್ಧಾಂತ ಬುಧನ ನಡೆಯನ್ನು ವಿವರಿಸಿತು. ಆಳುವ ಅರಸನ ಆಜ್ಞೆಯಾಗಿದ್ದರೆ ಬುಧಗ್ರಹವು ಮೀರುತ್ತಿರಲಿಲ್ಲ. ಬರಿಯ ಬಣ್ಣನೆಯಾಗಿದ್ದರೆ ನೆಪ್ಚೂನ್ ಕಾಣುತ್ತಿರಲಿಲ್ಲ.

ಈ ಎರಡರ ನಡುವಣ ದಾರಿಗೆ ಧರ್ಮದ್ರವ್ಯದ ವಿಚಾರವು ಒಂದು ಹೋಲಿಕೆಯನ್ನು ಒದಗಿಸುತ್ತದೆ. ನೀರು ಮೀನನ್ನು ದೂಡುವುದಿಲ್ಲ. ಆದರೂ ನೀರಿಲ್ಲದೆ ಮೀನು ಈಜದು. ಹಾಗೆಯೇ ಧರ್ಮದ್ರವ್ಯವು ಗತಿಗೆ ನಿಮಿತ್ತವೇ ಹೊರತು ಪ್ರೇರಕವಲ್ಲ. ಗಣಿತವು ಧರ್ಮದ್ರವ್ಯವೆಂದಲ್ಲ. ಪ್ರೇರಿಸದೆಯೂ ಅನಿವಾರ್ಯವಾಗಿರುವುದು ಸಾಧ್ಯವೆಂಬುದಷ್ಟೇ ಇದರ ತಾತ್ಪರ್ಯ. ಕ್ರಮವು ವಸ್ತುವಿನ ಸ್ವಭಾವದಲ್ಲಿದೆ, ಅಂಕಿಗಳು ಮನುಷ್ಯನವು. ಆ ಕ್ರಮಕ್ಕೆ ನಿಷ್ಠವಾದಷ್ಟೂ ಅಂಕಿ ಸತ್ಯವಾಗುತ್ತದೆ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ನಿಂತ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕೆತ್ತಿಸಿ 1973ರಲ್ಲಿ ಸಾಗಿಸಲಾಯಿತು, ಪ್ರತಿಷ್ಠೆಯಾದುದು 1982ರಲ್ಲಿ. ಅಂಥ ಏಕಶಿಲೆಯ ಭಾರವು ಯಾರ ಲೆಕ್ಕಕ್ಕೂ ಕಾಯುವುದಿಲ್ಲ. ಲೆಕ್ಕ ತಪ್ಪಿದರೆ ನಲುಗುವವರು ಅದನ್ನು ಹೊರುವವರು, ಎಳೆಯುವವರು.

ಬಂಟ್ವಾಳದಲ್ಲಿ ಇದು ಇನ್ನೂ ಸ್ಪಷ್ಟ. 1923 ಮತ್ತು 1974ರ ನೆರೆಗಳನ್ನು ಕಂಡ ಆ ಪೇಟೆಯಲ್ಲಿ ಮಳೆಗಾಲದ ನೇತ್ರಾವತಿಯ ಮಟ್ಟವನ್ನು ಮೀಟರುಗಳಲ್ಲಿ ಅಳೆಯುತ್ತಾರೆ. ಬರೆದ ಅಂಕಿಯಿಂದ ನದಿ ಏರುವುದಿಲ್ಲ, ಅಳಿಸಿದರೆ ಇಳಿಯುವುದೂ ಇಲ್ಲ. ಎಲ್ಲವನ್ನೂ ಗಣಿತವೇ ನಡೆಸುವುದೆಂದು ನಂಬಿದವನು ಕೈಕಟ್ಟಿ ಕೂರಬಹುದು. ಅಂಕಿಯು ಬರಿಯ ಬಣ್ಣನೆ ಎಂದವನು ಅದನ್ನು ತನಗೆ ಬೇಕಾದಂತೆ ತಿದ್ದಬಹುದು. ಎರಡರಲ್ಲಿಯೂ ಮುಳುಗುವುದು ನದಿಯಂಚಿನ ಮನೆ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಎಂದರೆ ಹೆಚ್ಚುಕಡಿಮೆ ಅಳೆದು ತೂಗುವುದನ್ನು, ಎಣಿಸಿದೆ. ಅಂಗಡಿಯ ತಕ್ಕಡಿಗೆ ಹೇಳಿದ ಈ ನಿಯಮವು ಸೇತುವೆ ಕಟ್ಟುವವನಿಗೂ ಮಳೆ ಅಳೆಯುವವನಿಗೂ ಔಷಧ ತೂಗುವವನಿಗೂ ಸಲ್ಲುತ್ತದೆ. ಗಣಿತವು ಜಗತ್ತನ್ನು ಆಳುವುದಿಲ್ಲ. ಆದರೆ ಜಗತ್ತಿನ ಕುರಿತು ಮಾತನಾಡುವವನ ನಾಲಗೆಯನ್ನು ಅದು ಆಳಲೇಬೇಕು. ಆ ಮಾತನ್ನು ನಂಬಿದ ಜೀವಗಳ ಅಭಯವು ಅಲ್ಲಿಯೇ ಇದೆ.