ಜನಪ್ರಶಂಸೆಯೂ ಜ್ಞಾನಮದವೂ

ಹತ್ತು ಜನ ಹೊಗಳಿದ್ದೆಲ್ಲ ಶ್ರೇಷ್ಠವಲ್ಲವೆಂದು ಶ್ರಾವಕ ಬಂಧುಗಳಿಗೆ ಹೇಳಬೇಕಾಗಿಲ್ಲ. ಲೋಕಮೂಢತೆ ಸಲ್ಲದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಆದರೆ ಹತ್ತು ಜನ ಹೊಗಳಿದರೆಂಬ ಕಾರಣಕ್ಕೇ ಒಂದನ್ನು ತಿರಸ್ಕರಿಸುವುದು ವಿವೇಕವೇ?

೧೯೮೧ರಲ್ಲಿ ಗೊಮ್ಮಟೇಶ್ವರನ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆ ಬೈಲಹೊಂಗಲದ ಕಡೆಯ ಜನ ಹೊರಟಾಗ, ತನ್ನನ್ನೂ ಕರೆದೊಯ್ಯೆಂದು ನಮ್ಮ ಅವ್ವ ಕೇಳಿದಳು. ನಾನು ಆಗ ಹೊಸ ಮಾಸ್ತರ, ನಾಲ್ಕು ಶ್ಲೋಕ ಬಲ್ಲವ. “ಅದು ಬರೀ ಜಾತ್ರೆ, ಧರ್ಮಧ್ಯಾನಕ್ಕೆ ಸ್ಥಳವಲ್ಲ” ಎಂದೆ. ಅಭಿಷೇಕದ ದಿನ ಆಕೆ ಏಕಾಶನ ಮಾಡಿ ಮನೆಯಲ್ಲಿಯೇ ಜಪಕ್ಕೆ ಕುಳಿತಳು. ಮುಂದೆ ಆ ಬೆಟ್ಟವನ್ನೇರುವ ಯೋಗ ಆಕೆಗೆ ಒದಗಲಿಲ್ಲ.

೨೦೧೮ರಲ್ಲಿ ಮಕ್ಕಳ ಒತ್ತಾಯಕ್ಕೆ ಹೋದೆ. ಕ್ಯಾಲೆಂಡರಿನಲ್ಲಿ ದಿನವೂ ಕಾಣುವ ಮೂರ್ತಿ, ಹೊಸದೇನಿದೆಯೆಂದು ಅಂದುಕೊಳ್ಳುತ್ತಲೇ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿದೆ. ಒಂದೇ ಶಿಲೆ, ತೊಡೆಯಿಂದ ಮೇಲೆ ಯಾವ ಆಧಾರವೂ ಇಲ್ಲದೆ ಸುಮಾರು ೫೭ ಅಡಿ ನಿಂತಿದೆ. ತೋಳಿನವರೆಗೆ ಹಬ್ಬಿದ ಬಳ್ಳಿಯ ಅರಿವೇ ಆ ದೇಹಕ್ಕಿಲ್ಲ. ಸುತ್ತಲೂ ಸಾವಿರಾರು ಕಂಠಗಳ ಜಯಘೋಷ. ಆ ಮುಖದಲ್ಲಿ ಅದರ ಮೇಲೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ನಾನಾದರೋ ಮೂವತ್ತೇಳು ವರ್ಷ ಜನಸಂದಣಿಯನ್ನು ದ್ವೇಷಿಸಿ, ಅದನ್ನೇ ವೈರಾಗ್ಯವೆಂದು ಭಾವಿಸಿದ್ದೆ!

ಪರೀಕ್ಷಿಸದೆ ಒಪ್ಪುವುದು ಮೂಢತೆಯಾದರೆ, ಪರೀಕ್ಷಿಸದೆ ತಳ್ಳುವುದಕ್ಕೂ ಅದೇ ಗ್ರಂಥದಲ್ಲಿ ಹೆಸರಿದೆ: ಎಂಟು ಮದಗಳಲ್ಲಿ ಮೊದಲನೆಯದಾದ ಜ್ಞಾನಮದ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದ ಮುಟ್ಟದೆ, ಗುಳ್ಳಕಾಯಜ್ಜಿಯ ತುಸು ಹಾಲು ಮುಟ್ಟಿದ ಕಥೆಯನ್ನು ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೆನೋ.

ಊರಿಗೆ ತಂದ ಗಂಧೋದಕವನ್ನು ಮನೆಯವರೆಲ್ಲ ತಲೆಗೆ ಹಚ್ಚಿಕೊಂಡರು. ಅವ್ವನ ಜಪಮಾಲೆ ಗೂಟದಲ್ಲಿಯೇ ತೂಗುತ್ತಿತ್ತು.